ಸಹಾಯ ಬೇಕು: ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಆಪರೇಷನ್ ಆಗಿ 8 ವಾರ, ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ಇನ್ನೂ ಕೈಕೊಡುತ್ತಿದೆ

ಮಂಡಿ ರಿಹ್ಯಾಬ್ ಮಾಡುವ ಫಿಸಿಯೋಗಳು ದಯವಿಟ್ಟು ನೋಡಿ. 24 ವರ್ಷದ ಕಬಡ್ಡಿ ಆಟಗಾರ, ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ (ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಜೋಡಿಸಿದ್ದು). ನಾವು ಎತ್ತಿದರೆ ಮಂಡಿ ಪೂರ್ತಿ ನೆಟ್ಟಗಾಗುತ್ತದೆ, ತಾನಾಗಿ ಎತ್ತಿದರೆ 10 ಡಿಗ್ರಿ ಬಾಕಿ (ಲ್ಯಾಗ್). ಮಂಡಿಚಿಪ್ಪಿನಿಂದ 10 ಸೆಂ.ಮೀ. ಮೇಲೆ ತೊಡೆಯ ಸುತ್ತಳತೆ 3 ಸೆಂ.ಮೀ. ಕಡಿಮೆ. ಸ್ಟ್ರೋಕ್ ಟೆಸ್ಟ್ (ಮಂಡಿಯ ಊತ ನೋಡುವ ಪರೀಕ್ಷೆ) 1+, ಅಂದರೆ ಸ್ವಲ್ಪ ಊತ ಇದೆ.

ಸ್ನಾಯು ಬರೀ ಸೊರಗಿದ್ದಲ್ಲ, ಅದಕ್ಕೆ ಆಜ್ಞೆಯೇ ಸರಿಯಾಗಿ ತಲುಪುತ್ತಿಲ್ಲ ಅನ್ನಿಸುತ್ತಿದೆ. ಕೀಲಿನೊಳಗೆ 20-30 ಮಿ.ಲೀ. ನೀರು ತುಂಬಿದರೂ ವಾಸ್ಟಸ್ ಮೀಡಿಯಾಲಿಸ್ (ಕ್ವಾಡ್ರಿಸೆಪ್ಸ್ ಸ್ನಾಯುವಿನ ಒಳಬದಿಯ ಭಾಗ) ಮಂಕಾಗುತ್ತದೆ. ಇದರ ಮೇಲೆ ತೂಕ ಹೇರುತ್ತಾ ಹೋದರೆ ಸೊಂಟ ಮತ್ತು ಇನ್ನೊಂದು ಕಾಲು ಕೆಲಸ ಕದಿಯುತ್ತವೆ, ಊತ ಮತ್ತೆ ಏರುತ್ತದೆ.

ಈಗ ನಡೆಯುತ್ತಿರುವುದು: ವ್ಯಾಯಾಮಕ್ಕೆ ಮೊದಲು 20 ನಿಮಿಷ ಐಸ್, ಆಮೇಲೆ ಮಂಡಿ 60 ಡಿಗ್ರಿ ಮಡಿಸಿ ಬೆಲ್ಟ್‌ನಲ್ಲಿ ಕಟ್ಟಿ ವಿದ್ಯುತ್ ಪ್ರಚೋದನೆ. 50 ಹರ್ಟ್ಸ್, 10 ಸೆಕೆಂಡ್ ಆನ್, 50 ಸೆಕೆಂಡ್ ಆಫ್, 10 ಬಾರಿ, ವಾರಕ್ಕೆ 3 ದಿನ. ಮನೆಯಲ್ಲಿರುವ ಟೆನ್ಸ್ ಯಂತ್ರ ಸಾಕೇ ಎಂದು ರೋಗಿ ಕೇಳುತ್ತಾನೆ. ಅದು ನೋವಿಗೆ, ಬಲಕ್ಕಲ್ಲ.

ಕೇಳಬೇಕಾದ್ದು ಇಷ್ಟು. ಕರೆಂಟ್ ಸಹಿಸದವರಿಗೆ ಪ್ಯಾಡ್ ದೊಡ್ಡದು ಮಾಡುತ್ತೀರಾ, ಪಲ್ಸ್ ಅಗಲ (ಪ್ರತಿ ಮಿಡಿತದ ಅವಧಿ) ಬದಲಿಸುತ್ತೀರಾ? 90ರಿಂದ 45 ಡಿಗ್ರಿವರೆಗಿನ ಲೆಗ್ ಎಕ್ಸ್‌ಟೆನ್ಷನ್ (ಕೂತು ಮಂಡಿ ನೆಟ್ಟಗೆ ಮಾಡುವ ತೂಕದ ವ್ಯಾಯಾಮ) ಈ ಲ್ಯಾಗ್ ಇರುವಾಗಲೇ ಶುರು ಮಾಡಬಹುದೇ, ಅಥವಾ ಊತ ಇಳಿಯುವವರೆಗೆ ಕಾಯುತ್ತೀರಾ? ಐಸೋಕೈನೆಟಿಕ್ ಯಂತ್ರ (ಒಂದೇ ವೇಗದಲ್ಲಿ ಸ್ನಾಯುವಿನ ಬಲ ಅಳೆಯುವುದು) ಇಲ್ಲದ ಕಡೆ ಕೈ ಡೈನಮೋಮೀಟರನ್ನು (ಕೈಯಲ್ಲಿ ಹಿಡಿಯುವ ಬಲಮಾಪಕ) ಬೆಲ್ಟ್‌ಗೆ ಬಿಗಿದು ಅಳೆಯುವವರು ಮಂಡಿಯನ್ನು ಯಾವ ಕೋನದಲ್ಲಿ ಇಡುತ್ತೀರಿ? ಕೈಯಲ್ಲೇ ಹಿಡಿದರೆ ಗಟ್ಟಿ ತೊಡೆಯವರು ನಮ್ಮನ್ನೇ ತಳ್ಳಿಬಿಡುತ್ತಾರೆ, ಅಂಕಿ ಸುಳ್ಳಾಗುತ್ತದೆ.