ಹೊಟ್ಟೆ ನೋಡ್ಬೇಡ, ಎದೆ ಮುಟ್ಟಿ ನೋಡು

ಪುಟ್ಟೀ, ನೀನು ಗ್ರೂಪಿಗೆ ಹಾಕಿರೋ ಮೇಕೆ ಫೋಟೋ ಈಗ ನೋಡ್ದೆ ಕಣೇ. ‘ದೊಡ್ಡಮ್ಮ, ಗಬ್ಬಕ್ಕೆ ಮೂರು ತಿಂಗಳು, ಹೊಟ್ಟೆ ಚೆನ್ನಾಗಿ ತುಂಬ್ಕೊಂಡಿದೆ, ಬೆನ್ನು ಮಾತ್ರ ಸಣ್ಣಗಿದೆ, ಹಿಂಡಿ ಜಾಸ್ತಿ ಮಾಡ್ಲಾ?’ ಅಂತ ಕೇಳಿದ್ದೀಯ. ತಡಿ, ಇನ್ನೂ ಸುರೀಬೇಡ.

ಹೊಟ್ಟೆ ನೋಡಿ ಏನೂ ಹೇಳೋಕಾಗಲ್ಲ. ಮೇವು ತುಂಬಿರಬಹುದು, ಮರಿ ಇರಬಹುದು, ಜಂತು ಬಿದ್ದ ಬಡಕಲು ಮೇಕೆಗೂ ಹೊಟ್ಟೆ ಜೋತಾಡುತ್ತೆ. ಕೈಯಲ್ಲೇ ಮುಟ್ಟಿ ನೋಡ್ಬೇಕು. ಡಾಕ್ಟ್ರು ಇದಕ್ಕೆ ಬಾಡಿ ಕಂಡೀಷನ್ ಸ್ಕೋರ್ ಅಂತಾರೆ, 1ರಿಂದ 5ರ ತನಕ ಅಂಕ. 1 ಅಂದ್ರೆ ಬರೀ ಮೂಳೆ, 5 ಅಂದ್ರೆ ಕೊಬ್ಬು ಮೀರಿದ್ದು.

ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆನ್ನ ಮೇಲೆ ಕೈಯಿಡು. ಬೆನ್ನುಮೂಳೆ ಗರಗಸದ ಹಲ್ಲಿನ ಥರ ಚುಚ್ಚಿ, ಪಕ್ಕದ ಅಡ್ಡಮೂಳೆಗಳ ತುದಿ ಕೆಳಗೆ ಬೆರಳು ಸಲೀಸಾಗಿ ತೂರಿದ್ರೆ 1. ಒತ್ತಿದ್ರೆ ಮಾತ್ರ ಮೂಳೆ ಸಿಕ್ತು ಅಂದ್ರೆ 3. ಎಷ್ಟು ಒತ್ತಿದ್ರೂ ಸಿಗಲಿಲ್ಲ ಅಂದ್ರೆ 5.

ಬೆನ್ನು ನೋಡಿ ಅಲ್ಲಿಗೇ ಬಿಟ್ಟೆ ನಾನು, ಅದೇ ತಪ್ಪಾಗಿದ್ದು. ಕುರಿ ಕೊಯ್ದಾಗ ನೋಡಿದ್ದೀಯಲ್ಲ, ಬೆನ್ನ ಮೇಲೆ ಚರ್ಮದ ಅಡೀಲೇ ಕೊಬ್ಬು. ಮೇಕೆಗೆ ಹಾಗಲ್ಲ. ಮೊದಲು ಒಳಗೆ, ಕಿಡ್ನಿ ಸುತ್ತ, ಕರುಳಿನ ಮೇಲಿನ ಪರದೇಲಿ ಕಟ್ಕೊಳ್ಳುತ್ತೆ, ಬೆನ್ನು ಒಣಕಲಾಗೇ ಕಾಣುತ್ತೆ. ನಮ್ಮ ಕೆಂಪಿ ಬೆನ್ನು ಸವರಿ ‘ಇನ್ನೂ ಮೈ ತುಂಬ್ಲಿ’ ಅಂತ ಜೋಳ, ಹಿಂಡಿ ಸುರಿದೆ. ಈಯೋಕೆ ಎರಡು ವಾರ ಇರೋವಾಗ ಮೇವು ಬಿಡ್ತು, ಹಲ್ಲು ಕಡೀತಾ ಮಲಗ್ತು, ಏಳಲೇ ಇಲ್ಲ. ಡಾಕ್ಟ್ರು ಕೊಯ್ದು ತೋರ್ಸಿದ್ರು. ಎರಡು ಮರಿ, ಕಿಡ್ನಿ ಕಾಣದ ಹಾಗೆ ಬೆಳ್ಳಗೆ ಕೊಬ್ಬು. ಮರಿ, ಕೊಬ್ಬು ಎರಡೂ ಒತ್ತಿ ಮೇವಿಗೆ ಜಾಗ ಸಾಲದೆ ಹೋಗುತ್ತೆ, ತಿನ್ನೋದು ಕಮ್ಮಿಯಾದ್ರೆ ಮೈಯ ಕೊಬ್ಬು ಒಟ್ಟಿಗೇ ಕರಗಿ ರಕ್ತದಲ್ಲಿ ನಂಜಾಗುತ್ತೆ ಅಂದ್ರು. ಅದರ ಕಣ್ಣು ಇವತ್ತಿಗೂ ನನಗೆ ಮರೆತಿಲ್ಲ ಕಣೇ.

ಅದಕ್ಕೇ ಎದೆ ಮುಟ್ಟು. ಮುಂಗಾಲುಗಳ ನಡುವೆ ಎದೆಮೂಳೆ ಇದೆಯಲ್ಲ, ಅಲ್ಲಿ ಬೆರಳಲ್ಲಿ ಹಿಡಿ. ಹಿಡಿಯೋಕೆ ಏನೂ ಸಿಗದೆ ಮೂಳೆ ಗಂಟುಗಳೇ ತಾಕಿದ್ರೆ 1. ತೆಳ್ಳಗಿನ ಕೊಬ್ಬು ಬೆರಳಿಗೆ ಸಿಕ್ಕಿ ಆ ಕಡೆ ಈ ಕಡೆ ಆಡಿದ್ರೆ 2. ದಪ್ಪಗೆ ಸಿಕ್ಕಿ ಅಷ್ಟಾಗಿ ಆಡಲಿಲ್ಲ ಅಂದ್ರೆ 3. ಹಿಡಿಯೋಕೇ ಕಷ್ಟ ಆದ್ರೆ 4 ದಾಟಿತು.

3, ಮೂರೂವರೆ ಇದ್ರೆ ಈಗ ಹಾಕ್ತಿರೋದೇ ಸಾಕು. 2 ಬಂದ್ರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡು, ಬಿಳಿಚಿದ್ರೆ ಜಂತಿಗೆ ಡಾಕ್ಟ್ರನ್ನ ಕೇಳಿ ಔಷಧಿ ಹಾಕ್ಸು, ಹಿಂಡಿ ದಿನಾ ಸ್ವಲ್ಪ ಸ್ವಲ್ಪ ಏರಿಸು. 4 ಇದ್ರೆ ಕಾಳು ಹಿಂಡಿ ನಿಧಾನಕ್ಕೆ ಇಳಿಸಿ, ಸೊಪ್ಪು ಮೇಯೋಕೆ ನಡೆಸ್ಕೊಂಡು ಹೋಗು, ಉಪವಾಸ ಮಾತ್ರ ಕೆಡವಬೇಡ. ಇಳಿಸೋದಿದ್ರೆ ಈ ಹದಿನೈದು ದಿನದಲ್ಲೇ. ಕೊನೇ ಒಂದೂವರೆ ತಿಂಗಳಲ್ಲೇ ಮರಿ ಬಹುಪಾಲು ಬೆಳೆಯೋದು, ಆಗ ಮೇವು ಕಡಿಮೆ ಮಾಡಿದ್ರೆ ಕೆಂಪಿಗಾದ ಗತಿಯೇ.

ನಾಳೆ ಬೆಳಿಗ್ಗೆ ಮುಟ್ಟಿ ನೋಡಿ ಬೆನ್ನಿಗೆಷ್ಟು, ಎದೆಗೆಷ್ಟು ಅಂತ ಬೇರೆ ಬೇರೆ ಬರೆದು ಹಾಕು. ನೀನೇ ಮುಟ್ಟು, ನಿಮ್ಮ ಯಜಮಾನ್ರಿಗೆ ಬಿಡ್ಬೇಡ. ಪ್ರತಿ ಸಲ ಅದೇ ಕೈ ಆದ್ರೆ ವ್ಯತ್ಯಾಸ ಗೊತ್ತಾಗುತ್ತೆ.