ಸರ, ಓಲೆ ಇಡೋಕೆ ಮನೆಯಲ್ಲೇ ಏನಾದ್ರೂ ಮಾಡಬಹುದಾ?

ಪ್ರಶ್ನೆ: ನನ್ನ ಸರಗಳೆಲ್ಲ ಒಂದೇ ಡಬ್ಬಿಯಲ್ಲಿವೆ, ದಿನಾ ಗಂಟು ಬಿಡಿಸೋದೇ ಕೆಲಸ. ಓಲೆ ಒಂದು ಸಿಕ್ಕರೆ ಇನ್ನೊಂದು ಇರಲ್ಲ. ಹೊಸದೇನೂ ಕೊಳ್ಳದೆ ದಾರಿ ಇದೆಯಾ?

ಉತ್ತರ 1: ಇದೆ. ಹಳೇ ಫೋಟೋ ಫ್ರೇಮಿನ ಗಾಜು ತೆಗೆದು, ಹಿಂದೆ ಸೊಳ್ಳೆ ಜಾಲರಿಯ ತುಂಡನ್ನು ಬಿಗಿಯಾಗಿ ಎಳೆದು ಡ್ರಾಯಿಂಗ್ ಪಿನ್ ಚುಚ್ಚಿ, ಕೊಕ್ಕೆ ಇರುವ ಓಲೆಗಳು ಅದರಲ್ಲಿ ಚೆನ್ನಾಗಿ ನಿಲ್ಲುತ್ತವೆ. ಸಣ್ಣ ಓಲೆಗಳನ್ನು ಜೋಡಿಯಾಗಿ ದೊಡ್ಡ ಗುಂಡಿಯ ತೂತುಗಳಿಗೆ ಸಿಕ್ಕಿಸಿ, ಹಿಂದಿನಿಂದ ತಿರುಪು ಹಾಕಿ. ನಾನು ಹಳೇ ಕೋಟಿನ ಗುಂಡಿ ಬಳಸಿದ್ದೇನೆ, ಅವತ್ತಿಂದ ಒಂದು ಜೋಡಿಯೂ ತಪ್ಪಿಲ್ಲ.

ಉತ್ತರ 2: ತೆಳ್ಳಗಿನ ಸರವಾದ್ರೆ ಸ್ಟ್ರಾ ಒಳಗೆ ತೂರಿಸಿ ಕೊಕ್ಕೆ ಹಾಕಿಡಿ. ಗಂಟು ಬೀಳೋದೇ ಇಲ್ಲ. ಸ್ಟ್ರಾ ಸರದ ಅರ್ಧ ಉದ್ದ ಇದ್ದರೆ ಸಾಕು.

ಉತ್ತರ 3: ಬೆಳ್ಳಿಯದ್ದನ್ನು ಮಾತ್ರ ಹಾಗೆ ತೂಗುಹಾಕಬೇಡಿ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಅದು ಕಪ್ಪಾಗುತ್ತೆ. ರಬ್ಬರ್ ಬ್ಯಾಂಡ್ ಅಂತೂ ಸುತ್ತಲೇಬೇಡಿ, ಸಾಮಾನ್ಯವಾಗಿ ಅದರಲ್ಲೂ ಗಂಧಕ ಇರುತ್ತೆ, ಮುಟ್ಟಿದ ಕಡೆ ಕಪ್ಪು ಗೆರೆ ಬೀಳುತ್ತೆ. ಜಿಪ್ ಕವರಿನಲ್ಲಿ ಗಾಳಿ ಹೊರಗೆ ತಳ್ಳಿ ಮುಚ್ಚಿ, ತೇವ ಹೀರೋಕೆ ಒಂದು ಚೂರು ಸೀಮೆಸುಣ್ಣ ಹಾಕಿ.

ಪ್ರಶ್ನೆ ಕೇಳಿದವರು: ಗುಂಡಿ ಈಗಲೇ ಹುಡುಕಿದೆ, ಆರು ಸಿಕ್ಕವು! ಜಾಲರಿ ನಾಳೆ.