ಸಹಾಯ ಬೇಕು: ಆಳಸಮುದ್ರದ ಬಿಸಿ ಚಿಲುಮೆಗಳ ದ್ರವದಲ್ಲಿ ಕ್ಲೋರೈಡ್ ಲೆಕ್ಕ

ಭೂರಸಾಯನಶಾಸ್ತ್ರ ಬಲ್ಲ ಸದಸ್ಯರಲ್ಲಿ ಒಂದು ವಿನಂತಿ. ಸಾಗರತಳದ ಬಿಸಿ ಚಿಲುಮೆಗಳ ಬಗ್ಗೆ ಪ್ರಕಟವಾಗಿರುವ ದತ್ತಾಂಶವನ್ನು ಅಭ್ಯಾಸಕ್ಕಾಗಿ ಇಟ್ಟುಕೊಂಡು ಕುಳಿತಿದ್ದೇನೆ. ಒಂದು ಹಂತದಲ್ಲಿ ಲೆಕ್ಕ ಮುಂದೆ ಸಾಗುತ್ತಿಲ್ಲ.

ಸಮುದ್ರದ ನೀರಿನಲ್ಲಿ ಕಿಲೋಗ್ರಾಂಗೆ ಸುಮಾರು 53 ಮಿಲಿಮೋಲ್ ಮೆಗ್ನೀಸಿಯಂ ಇರುತ್ತದೆ. ಆ ನೀರು ಕಾದ ಬಸಾಲ್ಟ್ ಶಿಲೆಯೊಳಗೆ ಇಳಿದಾಗ ಮೆಗ್ನೀಸಿಯಂ ಖನಿಜಗಳಲ್ಲಿ ಸೇರಿ ಬಹುತೇಕ ಪೂರ್ತಿ ಕಳೆದುಹೋಗುವುದರಿಂದ, ಮಾದರಿಯಲ್ಲಿ ಉಳಿದಿರುವ ಮೆಗ್ನೀಸಿಯಂ ಎಲ್ಲವೂ ಸಂಗ್ರಹಿಸುವಾಗ ಬೆರೆತ ತಣ್ಣನೆಯ ಸಮುದ್ರದ ನೀರಿನದೆಂದು ಭಾವಿಸಿ, ಮೆಗ್ನೀಸಿಯಂಗೆ ಎದುರಾಗಿ ಉಳಿದ ಘಟಕಗಳನ್ನು ಗುರುತಿಸಿದ ನಕ್ಷೆಯ (ಗ್ರಾಫ್) ರೇಖೆಯನ್ನು ಶೂನ್ಯ ಮೆಗ್ನೀಸಿಯಂವರೆಗೆ ಎಳೆದು ಮೂಲ ದ್ರವದ ಸಂಯೋಜನೆಯನ್ನು ಪಡೆಯುವುದು ವಾಡಿಕೆ. ಸಿಲಿಕಾ, ಪೊಟ್ಯಾಸಿಯಂಗಳಿಗೆ ಇದು ಸಲೀಸಾಗಿ ಹೊಂದುತ್ತದೆ. (ಕಬ್ಬಿಣದ ಮಾತು ಬೇರೆ: ತಣ್ಣಗಾಗುತ್ತಲೇ ಸಲ್ಫೈಡ್ ಆಗಿ, ಮಾದರಿ ಹಿಡಿಯುವ ಟೈಟಾನಿಯಂ ಸಿರಿಂಜಿನ ತಳದಲ್ಲಿ ಕೂರುವ ಕಪ್ಪು ಗಸಿಯನ್ನೂ ಕರಗಿಸಿ ಕೂಡಿಸದಿದ್ದರೆ ಅದರ ಅಂಕಿಗೆ ಅರ್ಥವಿಲ್ಲ.)

ತೊಡಕಿರುವುದು ಕ್ಲೋರೈಡಿನಲ್ಲಿ. ಸಮುದ್ರದ ನೀರಿನಲ್ಲಿ ಸುಮಾರು 540 ಮಿಲಿಮೋಲ್ ಇರುವ ಅದು ಒಂದು ಚಿಲುಮೆಯಲ್ಲಿ ಅರ್ಧಕ್ಕಿಂತ ಕಡಿಮೆಯಾಗಿಯೂ, ಮತ್ತೊಂದರಲ್ಲಿ ಸಮುದ್ರಕ್ಕಿಂತ ಹೆಚ್ಚಾಗಿಯೂ ಬರುತ್ತಿದೆ. ನೆಲದಡಿಯಲ್ಲಿ ದ್ರವವು ಉಪ್ಪು ಕಡಿಮೆಯಿರುವ ಆವಿಯಾಗಿಯೂ ಗಾಢ ಉಪ್ಪುನೀರಾಗಿಯೂ ಬೇರ್ಪಡುವುದೇ ಇದಕ್ಕೆ ಕಾರಣವೆಂಬುದು ಸ್ಪಷ್ಟ. ಹಾಗಾಗಿ ಕ್ಲೋರೈಡಿನ ಜೊತೆಗೇ ಸಾಗುವ ಲೋಹಗಳನ್ನು ಅದರಿಂದ ಭಾಗಿಸಿ ಹೋಲಿಸುವುದು ನ್ಯಾಯವೆನಿಸುತ್ತದೆ, ಆದರೆ ಆವಿಯ ಕಡೆಗೇ ವಾಲುವ ಹೈಡ್ರೋಜನ್ ಸಲ್ಫೈಡಿಗೆ ಅದೇ ಕ್ರಮ ಹಿಡಿದರೆ ದಾರಿ ತಪ್ಪುತ್ತದೆ.

ಇಂತಹ ಅನಿಲಗಳನ್ನು ಎರಡು ಚಿಲುಮೆಗಳ ನಡುವೆ ಹೋಲಿಸಲು ನೀವು ಯಾವ ಕ್ರಮ ಅನುಸರಿಸುತ್ತೀರಿ? ಉಪ್ಪಿನ ಹರಳಿನೊಳಗೆ ಬ್ರೋಮೈಡ್ ಅಷ್ಟಾಗಿ ಸೇರುವುದಿಲ್ಲವಾದ್ದರಿಂದ, ಬ್ರೋಮೈಡ್–ಕ್ಲೋರೈಡ್ ಅನುಪಾತ ಸಮುದ್ರದ ನೀರಿನಷ್ಟೇ ಇದ್ದರೆ, ಘನ ಉಪ್ಪು ಹರಳುಗಟ್ಟಿಲ್ಲ, ಕರಗಿಯೂ ಇಲ್ಲ ಎಂದು ನಿರ್ಧರಿಸಲು ಅಷ್ಟೇ ಸಾಕೇ? ಬಿಡಿಸಿ ತೋರಿಸಿದ ಒಂದು ಉದಾಹರಣೆ ಲೆಕ್ಕವನ್ನು ಯಾರಾದರೂ ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ.